ನಸುಕಿನ ಬಣ್ಣ ಬಲ್ಲ ಕೊರೊ

ಸೂರ್ಯ ಮೂಡುವ ಅರ್ಧ ಗಂಟೆ ಮೊದಲು ಅಂಗಳದ ಗಿಡಮರಗಳನ್ನು ಗಮನಿಸಿ ನೋಡಿ. ಎಲೆ ಹಸಿರಾಗಿಯೂ ಇರುವುದಿಲ್ಲ, ಪೂರ್ತಿ ಕಪ್ಪಾಗಿಯೂ ಇರುವುದಿಲ್ಲ. ಬೂದಿಗೆ ತುಸು ನೀಲಿ ಬೆರೆಸಿ, ಮೇಲೆ ಬೆಳ್ಳಿಯ ಪುಡಿ ಉದುರಿಸಿದಂತಿರುತ್ತದೆ. ಹಗಲಲ್ಲಿ ಕಣ್ಣು ಕುಕ್ಕುವ ಕೆಂಪು ದಾಸವಾಳ ಆಗ ಕಪ್ಪು ಮುದ್ದೆಯಷ್ಟೆ.

ಕಾರಣ ನಮ್ಮ ಕಣ್ಣಿನೊಳಗೇ ಇದೆ. ಅಕ್ಷಿಪಟಲದಲ್ಲಿ ಎರಡು ಬಗೆಯ ಕೋಶಗಳಿವೆ. ಶಂಕು ಕೋಶಗಳು ಬಣ್ಣ ಗುರುತಿಸುತ್ತವೆ. ಆದರೆ ಅವಕ್ಕೆ ಸಾಕಷ್ಟು ಬೆಳಕು ಬೇಕು. ಮಂದ ಬೆಳಕಿನಲ್ಲಿ ಕೆಲಸ ಮಾಡುವುದು ದಂಡ ಕೋಶಗಳು. ಅವಕ್ಕೆ ಬಣ್ಣದ ಭೇದ ತಿಳಿಯದು, ಕೆಂಪು ಬೆಳಕಂತೂ ಹೆಚ್ಚುಕಡಿಮೆ ಕಾಣಿಸುವುದೇ ಇಲ್ಲ. ಅದರಿಂದಲೇ ಮುಸುಕಿನಲ್ಲಿ ಕೆಂಪು ಮೊದಲು ಆರಿಹೋಗುತ್ತದೆ, ನೀಲಿ-ಹಸಿರು ಕೊನೆಯವರೆಗೆ ಉಳಿಯುತ್ತದೆ. ಇದನ್ನು ಗಮನಿಸಿ ಬರೆದವನು ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ. ಅವನ ಬರಹ ಪ್ರಕಟವಾದದ್ದು 1825ರಲ್ಲಿ. ಅದೇ ವರ್ಷ, ಇದೇ ಬೆಳಕಿನ ಬೆನ್ನು ಹತ್ತಿ ಜೀವನವನ್ನೆಲ್ಲ ಕಳೆಯಲಿದ್ದ ಒಬ್ಬ ಫ್ರೆಂಚ್ ತರುಣ ಪ್ಯಾರಿಸ್ಸಿನಿಂದ ಇಟಲಿಗೆ ಹೊರಟಿದ್ದ. ಅವನೇ ಕಮೀಲ್ ಕೊರೊ. ಇಂಗ್ಲಿಷಿನಲ್ಲಿ ಬರೆದಾಗ ಹೆಸರಿನ ಕೊನೆಗೆ ಒಂದು ‘ಟಿ’ ಇರುತ್ತದೆ, ಅದನ್ನು ಉಚ್ಚರಿಸುವುದಿಲ್ಲ.

ಕೊರೊ ಹುಟ್ಟಿದ್ದು 1796ರ ಜುಲೈ 16ರಂದು. ತಾಯಿಗೆ ಪ್ಯಾರಿಸ್ಸಿನಲ್ಲಿ ಹೆಂಗಸರ ಟೋಪಿಗಳ ಅಂಗಡಿ, ಒಳ್ಳೆಯ ವ್ಯಾಪಾರ. ಮಗನೂ ವ್ಯಾಪಾರಿಯಾಗಲಿ ಎಂದು ತಂದೆ ಅವನನ್ನು ಬಟ್ಟೆ ವರ್ತಕರ ಬಳಿ ಕೆಲಸಕ್ಕೆ ಬಿಟ್ಟರು. ವರ್ಷಗಳು ಉರುಳಿದರೂ ಹುಡುಗನಿಗೆ ವ್ಯಾಪಾರ ಒಗ್ಗಲಿಲ್ಲ. ಕಡೆಗೆ 1822ರಲ್ಲಿ, ಅವನಿಗೆ 26 ತುಂಬುವ ಹೊತ್ತಿಗೆ, ತಂದೆ ಒಪ್ಪಿದರು. ತೀರಿಹೋದ ಮಗಳಿಗೆ ಸಲ್ಲುತ್ತಿದ್ದ ವರ್ಷಕ್ಕೆ 1500 ಫ್ರಾಂಕುಗಳ ಹಣ ಮಗನಿಗೆ ಬರತೊಡಗಿತು. ದೊಡ್ಡ ಮೊತ್ತವೇನಲ್ಲ. ಆದರೆ ಚಿತ್ರ ಮಾರಲೇಬೇಕೆಂಬ ಒತ್ತಡವಿಲ್ಲದೆ ನೋಡುವುದನ್ನು ಕಲಿಯಲು ಅಷ್ಟು ಸಾಕಾಯಿತು. ಐವತ್ತು ಸಮೀಪಿಸುವವರೆಗೂ ಚಿತ್ರಗಳಿಂದ ಅವನಿಗೆ ಹೇಳಿಕೊಳ್ಳುವಂಥ ಸಂಪಾದನೆ ಇರಲಿಲ್ಲ. ಅವನು ಮದುವೆಯಾಗಲಿಲ್ಲ. 1846ರಲ್ಲಿ ಸರ್ಕಾರ ‘ಲೀಜನ್ ಆಫ್ ಆನರ್’ ಗೌರವ ಕೊಟ್ಟಿತು. ಮರುವರ್ಷವೇ ತಂದೆ ತೀರಿಕೊಂಡರು. ಮಗನ ಆಯ್ಕೆ ಸರಿಯೆಂದು ಜಗತ್ತು ಹೇಳಿದ್ದನ್ನು ಕೇಳಲು ಅವರು ಇದ್ದರೆನ್ನುವುದೇ ಸಮಾಧಾನ.

ಇಟಲಿಯಲ್ಲಿ ಮೂರು ವರ್ಷ ಅವನು ಮಾಡಿದ್ದು ಶುದ್ಧ ವ್ಯಾಯಾಮ. ಬಯಲಲ್ಲಿ ಕುಳಿತು ಕಂಡದ್ದನ್ನು ಕಂಡಹಾಗೆ ಬರೆಯುವುದು. ಅವನ ಪ್ರಕಾರ ಮೊದಲು ಕಲಿಯಬೇಕಾದ್ದು ಎರಡು: ಆಕಾರ, ಮತ್ತು ಬೆಳಕು-ಕತ್ತಲೆಯ ಮಟ್ಟ. ಎರಡನೆಯದಕ್ಕೆ ಚಿತ್ರಕಾರರು ‘ವ್ಯಾಲ್ಯೂ’ ಎನ್ನುತ್ತಾರೆ. ಒಂದು ಗೋಡೆ ಆಕಾಶಕ್ಕಿಂತ ಎಷ್ಟು ಕಪ್ಪು, ಅದರ ನೆರಳು ಗೋಡೆಗಿಂತ ಎಷ್ಟು ಕಪ್ಪು ಎಂಬ ಲೆಕ್ಕ. ಬಣ್ಣದ ಸೊಗಸು ಆಮೇಲೆ. ಕೊರೊ ತನ್ನ ಪೆನ್ಸಿಲ್ ಚಿತ್ರಗಳಲ್ಲಿ ಹೆಚ್ಚು ಬೆಳಕಿನ ಜಾಗಕ್ಕೆ ವೃತ್ತ, ಹೆಚ್ಚು ಕತ್ತಲಿನ ಜಾಗಕ್ಕೆ ಚೌಕ ಗುರುತು ಹಾಕುತ್ತಿದ್ದ. ಪ್ರಯೋಗದ ದಾಖಲೆ ಪುಸ್ತಕದಲ್ಲಿ ಓದಿಕೆ ಬರೆದಿಡುವ ವಿದ್ಯಾರ್ಥಿಗೂ ಇವನಿಗೂ ಏನು ವ್ಯತ್ಯಾಸ?

1826ರಲ್ಲಿ ನಾರ್ನಿ ಎಂಬಲ್ಲಿ ರೋಮನ್ನರ ಕಾಲದ ಮುರಿದ ಸೇತುವೆಯನ್ನು ಹೀಗೆ ಬರೆದ. ಚಿಕ್ಕ ಕಾಗದದ ಮೇಲೆ ತೈಲವರ್ಣ. ನದಿ, ಕಮಾನು, ದೂರದ ಬೆಟ್ಟ, ಅಷ್ಟೆ. ಪ್ಯಾರಿಸ್ಸಿನ ಸರ್ಕಾರಿ ಪ್ರದರ್ಶನವಾದ ‘ಸಲೋನ್’ಗೆ ಕಳಿಸಲು ಇದನ್ನೇ ದೊಡ್ಡದು ಮಾಡಿ, ಮುಂದೆ ಒಂದು ದಾರಿ, ಮರಗಳು, ಕುರಿಗಾಹಿಗಳನ್ನು ಸೇರಿಸಿದ. ದೊಡ್ಡದು ಈಗ ಕೆನಡಾದ ಆಟವಾದಲ್ಲಿದೆ, ಚಿಕ್ಕದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಇಂದು ಜನ ಮೆಚ್ಚುವುದು ಚಿಕ್ಕದನ್ನೇ.

ವಿಜ್ಞಾನ ಓದಿದವರಿಗೆ ಕುತೂಹಲ ಹುಟ್ಟಿಸುವ ಇನ್ನೊಂದು ಸಂಗತಿಯಿದೆ. ಕೊರೊನ ನಡುವಯಸ್ಸಿನಲ್ಲಿ ಛಾಯಾಗ್ರಹಣ ಬಂತು. ಬಹಳ ಚಿತ್ರಕಾರರು ಅದನ್ನು ಕಂಡು ಬೆದರಿದರು. ಇವನು ಅದರೊಡನೆ ಆಟವಾಡಿದ. 1853ರಲ್ಲಿ ಆರಾಸ್ ಪಟ್ಟಣದ ಗೆಳೆಯರು ಅವನಿಗೆ ಒಂದು ಉಪಾಯ ತೋರಿಸಿದರು. ಗಾಜಿನ ಹಲಗೆಗೆ ಬೆಳಕು ತೂರದಂತೆ ಲೇಪ ಬಳಿದು, ಸೂಜಿಯಿಂದ ಗೀಚಿ ಚಿತ್ರ ಬರೆಯುವುದು. ಅದನ್ನು ಬೆಳಕಿಗೆ ಕಪ್ಪಾಗುವ ರಾಸಾಯನಿಕ ಹಚ್ಚಿದ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದರೆ, ಗೀಚಿದ ಗೆರೆಗಳೆಲ್ಲ ಕಪ್ಪಾಗಿ ಮೂಡುತ್ತವೆ. ಕ್ಯಾಮೆರಾ ಇಲ್ಲದ ಫೋಟೋ! ಇಂಥ ಅರುವತ್ತಕ್ಕೂ ಹೆಚ್ಚು ಹಲಗೆಗಳನ್ನು ಕೊರೊ ಮಾಡಿದ. ಅವನು ಸತ್ತಾಗ ಚಿತ್ರಶಾಲೆಯಲ್ಲಿ ಸುಮಾರು 300 ಫೋಟೋಗಳು ಸಿಕ್ಕವು. ಆಗಿನ ಫೋಟೋಗಳಿಗೆ ಬೆಳಕು ಬಹಳ ಹೊತ್ತು ಬೀಳಬೇಕಿತ್ತು. ಅಷ್ಟರಲ್ಲಿ ಗಾಳಿಗೆ ಅಲುಗಿದ ಎಲೆಗಳು ಮಂಜಿನಂತೆ ಮಸುಕಾಗುತ್ತಿದ್ದವು. ಕೊರೊನ ಮರಗಳು ಮೃದುವಾದದ್ದು ಈ ಮಸುಕನ್ನು ಕಂಡ ಮೇಲೆ ಎಂದು ಕೆಲವು ಕಲಾ ಇತಿಹಾಸಕಾರರ ಊಹೆ.

ಆ ಮೃದುತ್ವದ ಶಿಖರ 1864ರ ‘ಮಾರ್ತೆಫೊಂತೇನಿನ ನೆನಪು’. ಸ್ತಬ್ಧವಾದ ಕೊಳ, ಬಲಕ್ಕೆ ಬಾಗಿದ ಹೆಮ್ಮರ, ಎಡಕ್ಕೆ ಒಂದು ಬಡಕಲು ಮರ. ಅದರತ್ತ ಕೈ ಚಾಚಿದ ಹೆಂಗಸು, ಜೊತೆಗೆ ಮಕ್ಕಳು. ಚಕ್ರವರ್ತಿ ಮೂರನೆಯ ನೆಪೋಲಿಯನ್ ಇದನ್ನು ಕೊಂಡ. ಹೆಸರಿನಲ್ಲಿರುವ ‘ನೆನಪು’ ಮುಖ್ಯ. ಇದು ಸ್ಥಳದ ನಕಲಲ್ಲ, ಕಂಡದ್ದು ಮನಸ್ಸಿನಲ್ಲಿ ಇಂಗಿ ಮತ್ತೆ ಒಸರಿದ್ದು. ಆದ್ದರಿಂದಲೇ ಕೊರೊನನ್ನು ಭಾವಗೀತೆಯ ಚಿತ್ರಕಾರ ಎನ್ನುತ್ತಾರೆ.

ಎಲ್ಲರೂ ಮೆಚ್ಚಲಿಲ್ಲ. ಈ ವನದೇವತೆಗಳನ್ನು ಓಡಿಸಿ ರೈತ ಹೆಂಗಸರನ್ನು ತಂದರೆ ಚೆನ್ನಿತ್ತು ಎಂದು ಕಾದಂಬರಿಕಾರ ಎಮಿಲಿ ಜೋಲಾ ಗೊಣಗಿದ. ಅದರಲ್ಲಿ ನಿಜವಿಲ್ಲದಿಲ್ಲ. ಬೇಡಿಕೆ ಹೆಚ್ಚಿದಂತೆ ಬೆಳ್ಳಿ ಮಂಜಿನ ಚಿತ್ರಗಳು ಒಂದರ ಹಿಂದೊಂದು ಬಂದವು. ಕೆಲವು ಬರೀ ಅಭ್ಯಾಸಬಲದವು. ಜೊತೆಗೆ ಕೊರೊನ ಔದಾರ್ಯವೂ ತೊಂದರೆ ತಂದಿತು. ಶಿಷ್ಯರಿಗೆ ನಕಲು ಮಾಡಲು ಚಿತ್ರ ಕೊಡುತ್ತಿದ್ದ, ಕೆಲವನ್ನು ತಾನೇ ತಿದ್ದಿ ಸಹಿಯನ್ನೂ ಹಾಕುತ್ತಿದ್ದ. ಕೊರೊ ಬರೆದದ್ದು ಮೂರು ಸಾವಿರ, ಅದರಲ್ಲಿ ಅಮೆರಿಕದಲ್ಲೇ ಹತ್ತು ಸಾವಿರ ಇವೆ ಎಂಬ ನಗೆಮಾತು ಹುಟ್ಟಿದ್ದು ಹೀಗೆ.

ಆದರೆ ಅದೇ ಔದಾರ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಕಣ್ಣು ಮಂಜಾಗಿ ಬಡತನಕ್ಕೆ ಬಿದ್ದಿದ್ದ ವ್ಯಂಗ್ಯಚಿತ್ರಕಾರ ದೋಮಿಯೆಗೆ ವಾಲ್ಮೊಂದ್ವಾದಲ್ಲಿ ಒಂದು ಮನೆ ದೊರಕಿಸಿಕೊಟ್ಟವನು ಕೊರೊ. 1870ರಲ್ಲಿ ಪ್ಯಾರಿಸ್ಸಿಗೆ ಮುತ್ತಿಗೆ ಬಿದ್ದಾಗ ಬಡವರಿಗೆಂದು 20,000 ಫ್ರಾಂಕ್ ಕೊಟ್ಟ. 1875ರ ಜನವರಿಯಲ್ಲಿ ಚಿತ್ರಕಾರ ಮಿಯೆ ತೀರಿಕೊಂಡಾಗ ಅವನ ವಿಧವೆಗೆ 10,000 ಫ್ರಾಂಕ್ ಕಳಿಸಿದ. ತಿಂಗಳು ಕಳೆದು, ಫೆಬ್ರವರಿ 22ರಂದು ತಾನೂ ಹೊರಟುಹೋದ. ತಂದೆಯ ಹಣದಲ್ಲಿ ಬೆಳೆದವನು ಹಣದ ಅರ್ಥ ಬಲ್ಲವನಾಗಿದ್ದ.

ಅವನ ಬಳಿ ಕಲಿತ ಪಿಸಾರೊ, ಬರ್ತ್ ಮೊರಿಸೊ ಮುಂದೆ ಇಂಪ್ರೆಷನಿಸ್ಟರಾಗಿ ಹೆಸರಾದರು. ಅವನ ಚಿತ್ರಗಳಿಗೆ ಇಂದಿಗೂ ಕಳ್ಳರ ಕಣ್ಣು ತಪ್ಪಿಲ್ಲ. 1998ರ ಮೇ ತಿಂಗಳ ಒಂದು ಭಾನುವಾರ, ಹಾಡಹಗಲಲ್ಲಿ, ಲೂವ್ರ್‌ನಿಂದ ‘ಸೆವ್ರ್ ದಾರಿ’ ಎಂಬ ಅವನ ಪುಟ್ಟ ಚಿತ್ರವನ್ನು ಯಾರೋ ಚೌಕಟ್ಟಿನಿಂದ ಬಿಡಿಸಿ ಒಯ್ದರು.

ಭಾವನೆ ಬೇರೆ, ಅಳತೆ ಬೇರೆ ಎಂದು ನಾವು ಮಕ್ಕಳಿಗೆ ಸುಲಭವಾಗಿ ಹೇಳಿಬಿಡುತ್ತೇವೆ. ಕವಿತೆ ಒಂದು ಬೆಂಚಿಗೆ, ವಿಜ್ಞಾನ ಇನ್ನೊಂದು ಬೆಂಚಿಗೆ. ಗ್ರಂಥಾಲಯದಲ್ಲಿ ಕೊರೊನ ಚಿತ್ರಗಳ ಪುಸ್ತಕ ಸಿಕ್ಕರೆ ನಾರ್ನಿಯ ಸೇತುವೆಯನ್ನೂ ಮಾರ್ತೆಫೊಂತೇನಿನ ಕೊಳವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಎರಡರ ನಡುವೆ 38 ವರ್ಷಗಳ ಅಂತರವಿದೆ. ಮೊದಲನೆಯದರಲ್ಲಿ ವೃತ್ತ-ಚೌಕಗಳ ಲೆಕ್ಕ ಕಣ್ಣಿಗೆ ಕಾಣುತ್ತದೆ. ಎರಡನೆಯದರಲ್ಲಿ ಕಾಣುವುದಿಲ್ಲ, ಆದರೆ ಆ ಲೆಕ್ಕ ತಪ್ಪಿದ್ದರೆ ಕೊಳ ಅಷ್ಟು ಶಾಂತವಾಗಿರುತ್ತಿರಲಿಲ್ಲ.