ಹ್ಯಾಕ್ ಹಾಕಿದ್ದು ಒಬ್ಬ, ಬ್ಯಾನ್ ಆಗಿದ್ದು ಇನ್ನೊಬ್ಬನ ಫೋನ್

ಚಾಮರಾಜನಗರ: ಬಿಜಿಎಂಐ ಆಡುವಾಗ ಗೋಡೆ ಮರೆಗೆ ಓಡಿದ ಮೇಲೂ ಗುಂಡು ಬಿದ್ದರೆ ಹುಡುಗರ ಬಾಯಲ್ಲಿ ಬರೋದು ಒಂದೇ ಮಾತು, ಹ್ಯಾಕರ್ ಕಣೋ, ರಿಪೋರ್ಟ್ ಹೊಡಿ. ಬಟನ್ ಒತ್ತೋದು ಸುಲಭ. ಆಮೇಲೆ ಏನಾಗುತ್ತೆ, ಏಟು ಯಾರಿಗೆ ಬೀಳುತ್ತೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಸೆಕೆಂಡ್ ಹ್ಯಾಂಡ್ ಫೋನ್‌ನಲ್ಲೇ ಆಡುವ ಹುಡುಗರಿಗಂತೂ ಇದು ದುಡ್ಡಿನ ಪ್ರಶ್ನೆ.

ಪಬ್‌ಜಿ ಮೊಬೈಲನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಮುಂದಿನ ಜುಲೈನಲ್ಲಿ ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿ ಹೆಚ್ಚು ಕಡಿಮೆ ಅದೇ ಆಟವನ್ನು ಬಿಜಿಎಂಐ ಹೆಸರಲ್ಲಿ ತಂತು. ಹಿಂದೆಯೇ ಹ್ಯಾಕೂ ಬಂತು. 2021ರ ಡಿಸೆಂಬರ್ 6ರಿಂದ 12ರವರೆಗೆ, ಒಂದೇ ವಾರದಲ್ಲಿ ಸುಮಾರು 1.42 ಲಕ್ಷ ಖಾತೆ ಬ್ಯಾನ್ ಮಾಡಿದ್ದಾಗಿ ಕಂಪನಿಯೇ ಹೇಳಿಕೊಂಡಿತು. ಬ್ಯಾನ್ ಆದವನು ಹತ್ತು ನಿಮಿಷದಲ್ಲಿ ಹೊಸ ಖಾತೆ ಮಾಡ್ಕೊಂಡು ಮತ್ತೆ ಹಾಜರ್. ಅದಕ್ಕೇ ಅದೇ ತಿಂಗಳ 24ರಿಂದ ಖಾತೆ ಜೊತೆಗೆ ಫೋನನ್ನೇ ಬ್ಯಾನ್ ಮಾಡುವ ಕ್ರಮ ಶುರುವಾಯ್ತು.

ತೊಡಕು ಇರೋದು ಇಲ್ಲೇ. ಒಬ್ಬನಿಗೆ ಒಂದು ಫೋನ್, ಕೊಂಡವನೇ ಕೊನೆತನಕ ಬಳಸ್ತಾನೆ ಅನ್ನೋ ಲೆಕ್ಕದ ಮೇಲೆ ನಿಂತ ಶಿಕ್ಷೆ ಇದು. ಗುಂಡ್ಲುಪೇಟೆಯ ಹಳ್ಳಿಗಳಲ್ಲಿ ಆ ಲೆಕ್ಕ ನಡೆಯಲ್ಲ. ಅಣ್ಣನ ಫೋನ್ ತಮ್ಮನಿಗೆ, ತಮ್ಮನದು ಅಂಗಡಿಗೆ, ಅಂಗಡಿಯಿಂದ ಇನ್ಯಾರಿಗೋ. ಕೊಳ್ಳುವವನು ಡಿಸ್‌ಪ್ಲೇ ನೋಡ್ತಾನೆ, ಬ್ಯಾಟರಿ ಕೇಳ್ತಾನೆ. ಹಿಂದಿನವನು ಇದರಲ್ಲಿ ಹ್ಯಾಕ್ ಹಾಕಿದ್ನಾ ಅಂತ ಯಾರು ಕೇಳ್ತಾರೆ? ಮನೆಗೆ ತಂದು ತನ್ನದೇ ಖಾತೆಯಲ್ಲಿ ಲಾಗಿನ್ ಆದ್ರೂ ಆಟ ತೆರೆಯಲ್ಲ. ಕೂಡಿಟ್ಟ ಕೂಲಿ ದುಡ್ಡು ಹಾಕಿ ಫೋನ್ ಕೊಂಡ ಹುಡುಗ, ತಾನು ಮಾಡದ ತಪ್ಪಿಗೆ ಹೊರಗೆ.

ಎರಡನೇ ತೊಂದರೆ ಸಿಗ್ನಲ್‌ದು. ಬಂಡೀಪುರದ ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತೆ. ಪಿಂಗ್ ಏರಿದಾಗ ಅಲ್ಲಿನ ಆಟಗಾರ ಎದುರಾಳಿಯ ಪರದೆಯಲ್ಲಿ ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಕಾಣಿಸ್ತಾನೆ. ನೋಡಿದವನಿಗೆ ಅದು ಸ್ಪೀಡ್ ಹ್ಯಾಕ್. ಗೋಡೆ ಮರೆಗೆ ಹೋದ ಮೇಲೂ ಸಾಯೋದಕ್ಕೂ ಬಹಳ ಸಲ ಇದೇ ಕಾರಣ. ಇಂಥ ಬಹುತೇಕ ಆಟಗಳಲ್ಲಿ ಗುಂಡು ಹಾರಿಸಿದವನ ಪರದೆಗೆ ಬೆಲೆ ಜಾಸ್ತಿ, ಆ ಪರದೆಯಲ್ಲಿ ನೀವು ಇನ್ನೂ ಗೋಡೆಯ ಈಚೆಗೇ ಇರ್ತೀರಿ.

ಹಾಗಂತ ಹ್ಯಾಕ್ ಇಲ್ಲ ಅಂತಲ್ಲ. ಎದುರಾಳಿಯನ್ನು ಪರದೆ ಮೇಲೆ ತೋರಿಸಬೇಕಾದರೆ ಅವನು ಎಲ್ಲಿದ್ದಾನೆ ಅನ್ನೋ ಮಾಹಿತಿ ಮೊದಲೇ ನಿಮ್ಮ ಫೋನಿಗೆ ಬಂದಿರಬೇಕು. ವಾಲ್ ಹ್ಯಾಕ್ ಅದನ್ನೇ ಕದ್ದು ಓದಿ ತೋರಿಸುತ್ತೆ. ಸ್ಪೀಡ್ ಹ್ಯಾಕ್ ಸರ್ವರ್‌ನಲ್ಲೇ ಸಿಕ್ಕಿಬೀಳಬಹುದು, ಇದು ಸಿಕ್ಕೋದು ಕಷ್ಟ. ಅದಕ್ಕೇ ಆಟಗಾರರ ರಿಪೋರ್ಟ್ ಬೇಕಾಗೋದು. ಆದ್ರೆ ಸೋತ ಸಿಟ್ಟಿಗೆ ಎಲ್ಲರ ಮೇಲೂ ರಿಪೋರ್ಟ್ ಹೊಡೆದರೆ ನಿಜವಾದ ದೂರು ಆ ರಾಶಿಯಲ್ಲೇ ಮುಚ್ಚಿಹೋಗುತ್ತೆ.

ಒಬ್ಬನ ಮೋಸಕ್ಕೆ ಜೊತೆಯವರೂ ಹೊರಗೆ ಬಿದ್ದದ್ದಕ್ಕೆ ದೊಡ್ಡ ಉದಾಹರಣೆ 2018ರದು. ಶಾಂಘೈನ ಕೌಂಟರ್ ಸ್ಟ್ರೈಕ್ ಟೂರ್ನಿಯಲ್ಲಿ ಆಪ್ಟಿಕ್ ಇಂಡಿಯಾ ತಂಡದ ಆಟಗಾರನೊಬ್ಬ ಕಂಪ್ಯೂಟರ್‌ನಲ್ಲಿ ಹ್ಯಾಕ್ ಇಟ್ಟುಕೊಂಡು ಸಿಕ್ಕಿಬಿದ್ದ. ಅವನಿಗೆ 5 ವರ್ಷ ನಿಷೇಧವಾಯ್ತು, ತಂಡವನ್ನೇ ಮುಚ್ಚಿದರು. ಏನೂ ಮಾಡದ ಉಳಿದವರಿಗೂ ತಂಡ ಇಲ್ಲದಂಗಾಯ್ತು.

ಕಂಪನಿಗಳೂ ತಪ್ಪು ಮಾಡ್ತವೆ. 2010ರಲ್ಲಿ ಅಮೆರಿಕದ ವಾಲ್ವ್ ಕಂಪನಿ ಸುಮಾರು 12,000 ಆಟಗಾರರನ್ನು ತಪ್ಪಾಗಿ ಬ್ಯಾನ್ ಮಾಡಿ, ಕ್ಷಮೆ ಕೇಳಿ, ಒಂದೊಂದು ಆಟವನ್ನು ಪುಕ್ಕಟೆ ಕೊಟ್ಟಿತ್ತು. ಮುಂದೆ ಅದೇ ಕಂಪನಿ ಅನುಭವಿ ಆಟಗಾರರಿಗೇ ರೀಪ್ಲೇ ತೋರಿಸಿ ತೀರ್ಪು ಕೇಳುವ ವ್ಯವಸ್ಥೆ ಮಾಡಿತು. ಊರ ಹಬ್ಬದ ಕಬಡ್ಡಿಯಲ್ಲೂ ಔಟ್ ಕೊಟ್ಟರೆ ಅಂಪೈರ್ ಹತ್ರ ಹೋಗಿ ಯಾಕಣ್ಣ ಅಂತ ಕೇಳಬಹುದು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿದೆ. ಇದು ಕ್ರೀಡೆ ಅಂತಾದ ಮೇಲೆ ಔಟ್ ಆದವನ ಮಾತನ್ನೂ ಮನುಷ್ಯನೊಬ್ಬ ಕೂತು ಕೇಳಬೇಕು, ಸೆಕೆಂಡ್ ಹ್ಯಾಂಡ್ ಫೋನ್ ಅಂತ ಬಿಲ್ ತೋರಿಸಿದರೆ ನೋಡಬೇಕು.

ಇನ್ನು ಟೆಲಿಗ್ರಾಂನಲ್ಲಿ ವಾರಕ್ಕಿಷ್ಟು ಅಂತ ಹ್ಯಾಕ್ ಮಾರುವವರ ವಿಷಯ. ಅವರು ಕಳಿಸುವ ಎಪಿಕೆ ಫೈಲ್ ಹಾಕಿಕೊಂಡು ಕೇಳಿದ ಪರ್ಮಿಷನ್ ಎಲ್ಲ ಕೊಟ್ಟರೆ ಅದು ಎಸ್‌ಎಂಎಸ್, ಒಟಿಪಿಯನ್ನೂ ಓದಬಹುದು. ಅಪ್ಪನ ಫೋನ್‌ಪೇ ಅದೇ ಫೋನಲ್ಲಿದ್ರೆ ಹೋಗೋದು ಆಟದ ಖಾತೆ ಮಾತ್ರ ಅಲ್ಲ. ದುಡ್ಡು ಹೋದ್ರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು, ಇಲ್ಲವೇ ಚಾಮರಾಜನಗರದ ಸಿಇಎನ್ ಠಾಣೆಗೆ ಹೋಗಬೇಕು. ಹ್ಯಾಕ್ ಹಾಕಿದ್ದು ಮನೇಲಿ ಗೊತ್ತಾಗುತ್ತೆ ಅಂತ ಸುಮ್ಮನಿದ್ರೆ ದುಡ್ಡು ವಾಪಸ್ ಸಿಗೋ ಸಾಧ್ಯತೆ ಗಂಟೆಗಂಟೆಗೂ ಕಮ್ಮಿ ಆಗುತ್ತೆ.

ಹಳೇ ಫೋನ್ ಕೊಳ್ಳುವವರು ದುಡ್ಡು ಕೊಡೋಕೆ ಮುಂಚೆ ಅಂಗಡಿಯಲ್ಲೇ ಆಟ ಡೌನ್‌ಲೋಡ್ ಮಾಡಿ, ತಮ್ಮ ಖಾತೆಯಲ್ಲಿ ಲಾಗಿನ್ ಆಗಿ, ಒಂದು ಮ್ಯಾಚ್ ಆಡಿ ನೋಡೋದು ಒಳ್ಳೇದು. ಜೊತೆಗೆ ಐಎಂಇಐ ನಂಬರ್, ತಾರೀಖು ಬರೆದ ಬಿಲ್ ಕೇಳಿ ಇಸ್ಕೊಳ್ಳಿ. ಬರೀ ಚೀಟಿ ಕೊಟ್ಟರೆ ಅದರ ಮೇಲೇ ಬರೆಸಿ ಸೀಲ್ ಹಾಕಿಸಿ. ನಾಳೆ ಬ್ಯಾನ್ ಅಂತ ಬಂದ್ರೆ ಆಟದ ಕಸ್ಟಮರ್ ಸರ್ವೀಸ್‌ಗೆ ಕಳಿಸೋಕೆ ಕೈಯಲ್ಲಿ ಇರೋ ಸಾಕ್ಷಿ ಅದೊಂದೇ.