ಅಂಗಡಿ ನಮ್ಮದು, ಕೀಲಿಕೈ ಯಾರದು?

ಕಳೆದ ಸಂಚಿಕೆಯಲ್ಲಿ ನಾವು ಮನೆಯ ಲೆಕ್ಕದ ವಹಿಯನ್ನು ಕುರಿತು ಬರೆದುದನ್ನು ಓದಿ ರಾಯಬಾಗ ತಾಲೂಕಿನ ಗೃಹಸ್ಥರೊಬ್ಬರು ನಮಗೊಂದು ಕಾಗದವನ್ನು ಬರೆದಿರುವರು. ಅವರ ಮಗನು ತಮ್ಮ ಗಾಣದ ಬೆಲ್ಲವನ್ನು ಅಂತರ್ಜಾಲದ ಮೂಲಕ ಮಾರಬೇಕೆಂದು ಹೊರಟಿರುವನಂತೆ. ಅದಕ್ಕಾಗಿ ಒಂದು ವೆಬ್‌ಸೈಟನ್ನೂ ಒಂದು ಆ್ಯಪನ್ನೂ ಕಟ್ಟಿಕೊಡಲು ಇಚಲಕರಂಜಿಯ ತರುಣನೊಬ್ಬನು 40,000 ರೂಪಾಯಿ ಕೇಳಿರುವನು. ‘ಈ ಹುಡುಗನು ಯಾವ ಕಂಪನಿಯವನೂ ಅಲ್ಲ, ಅವನಿಗೆ ಕಚೇರಿಯಿಲ್ಲ, ಬೋರ್ಡಿಲ್ಲ. ಮನೆಯಲ್ಲಿ ಕುಳಿತು ಬೇರೆ ಬೇರೆಯವರ ಕೆಲಸ ಮಾಡಿಕೊಡುವನಂತೆ. ಇಂಥವನ ಕೈಯಲ್ಲಿ ಹಣ ಕೊಡಬಹುದೇ?’ ಎಂಬುದು ಅವರ ಪ್ರಶ್ನೆ.

ಕೊಡಬಹುದು ಎಂದೇ ನಮ್ಮ ಉತ್ತರ. ಆದರೆ ಹಣಕ್ಕಿಂತ ದೊಡ್ಡದಾದ ಬೇರೊಂದು ವಸ್ತುವು ಇಂಥ ವ್ಯವಹಾರದಲ್ಲಿ ಸದ್ದಿಲ್ಲದೆ ಕೈಬಿಟ್ಟು ಹೋಗುವದುಂಟು. ಅದನ್ನು ನಾವು ಪುಸ್ತಕದಿಂದ ಕಲಿತವರಲ್ಲ. ನಮ್ಮ ಮಾತಿನಿಂದಲೇ ಒಬ್ಬರಿಗೆ ಹಾನಿಯಾದ ಮೇಲೆ ಕಲಿತವರು.

ಇಂಥ ಕೆಲಸಗಾರರಿಗೆ ಫ್ರೀಲ್ಯಾನ್ಸರರೆಂದು ಹೆಸರು. ಲ್ಯಾನ್ಸ್ ಎಂದರೆ ಭಲ್ಲೆ. ಯಾವ ಅರಸನ ಪದರಿನಲ್ಲಿಯೂ ಕಾಯಮ್ಮಾಗಿ ಇರದೆ, ಕೂಲಿ ಕೊಟ್ಟವನ ಪರವಾಗಿ ಭಲ್ಲೆ ಹಿಡಿಯುತ್ತಿದ್ದ ದಂಡಾಳುಗಳಿಗೆ ಸರ್ ವಾಲ್ಟರ್ ಸ್ಕಾಟನು 1819ರಲ್ಲಿ ಹೊರಬಂದ ‘ಐವನ್‌ಹೋ’ ಕಾದಂಬರಿಯಲ್ಲಿ ಈ ಹೆಸರನ್ನು ಬಳಸಿದನು. ಹೆಸರು ಕೇಳಿ ಅಂಜತಕ್ಕದ್ದಿಲ್ಲ. ನಮ್ಮ ಮನೆ ಕಟ್ಟಿದ ಗೌಂಡಿಯೂ, ಬಾಗಿಲು ಮಾಡಿದ ಬಡಿಗನೂ ಇದೇ ಜಾತಿಯ ಸ್ವತಂತ್ರರು. ಅವರನ್ನು ನಾವು ಯಾವ ಕಂಪನಿಯವರೆಂದು ಎಂದಾದರೂ ಕೇಳಿರುವೆವೇ? ಭೇದವಿರುವದು ಬೇರೆ ಕಡೆಗೆ. ಗೌಂಡಿಯು ತನ್ನ ಹತ್ಯಾರಗಳನ್ನು ಚೀಲದಲ್ಲಿ ಹಾಕಿಕೊಂಡು ಹೋದರೆ ಮನೆ ನಮ್ಮ ಜಾಗದಲ್ಲಿಯೇ ನಿಂತಿರುವದು. ವೆಬ್‌ಸೈಟು ಕಟ್ಟಿದವನು ಹೋದರೆ ಕೆಲವೊಮ್ಮೆ ಮನೆಯೂ ಅವನ ಹಿಂದೆಯೇ ಹೊರಟು ಹೋಗುವದು.

ಅಥಣಿಯಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ಚಪ್ಪಲಿಯ ವ್ಯಾಪಾರ ಮಾಡುವನು. ಕೊಲ್ಹಾಪುರಿ ಎಂದು ಲೋಕವು ಕರೆಯುವ ಚಪ್ಪಲಿಗಳು ಅಥಣಿ, ನಿಪ್ಪಾಣಿಗಳ ಕೈಗಳಿಂದಲೂ ತಲೆಮಾರುಗಳಿಂದ ಹುಟ್ಟುತ್ತಿವೆಯೆಂಬುದು ನಮ್ಮ ವಾಚಕರಿಗೆ ತಿಳಿದದ್ದೇ. 2019ರಲ್ಲಿ ದೊರೆತ ಭೌಗೋಳಿಕ ಸೂಚಕದ ಮಾನ್ಯತೆಯಲ್ಲಿಯೂ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟ, ವಿಜಯಪುರ ಜಿಲ್ಲೆಗಳ ಹೆಸರುಗಳಿವೆ. ಈ ಶಿಷ್ಯನು 2024ರ ಆರಂಭದಲ್ಲಿ ನಮ್ಮಲ್ಲಿಗೆ ಬಂದು, ಜಾಲದಲ್ಲಿ ಅಂಗಡಿ ಹಾಕಬೇಕು, ಯಾರಾದರೂ ಬಲ್ಲವರಿದ್ದರೆ ಹೇಳಿರಿ ಎಂದನು. ನಾವು ಅವನಿಗಿಂತ ಹತ್ತು ವರ್ಷ ಕಿರಿಯನಾದ ಮತ್ತೊಬ್ಬ ಶಿಷ್ಯನನ್ನು ತೋರಿಸಿಕೊಟ್ಟೆವು. ಆ ಹುಡುಗನು ಲೆಕ್ಕದಲ್ಲಿ ಚುರುಕು, ಸ್ವಭಾವದಲ್ಲಿ ಸಾಧು. 30,000 ರೂಪಾಯಿಗೆ ಮಾತಾಯಿತು, ಅರ್ಧ ಮುಂಗಡ. ಕಾಗದ ಬರೆಯೋಣವೇ ಎಂದು ಹಿರಿಯವನು ಕೇಳಿದಾಗ, ‘ಇಬ್ಬರೂ ನಮ್ಮ ಹುಡುಗರು, ನಡುವೆ ಕಾಗದವೇಕೆ?’ ಎಂದವರು ನಾವೇ.

ವೆಬ್‌ಸೈಟು ಏಪ್ರಿಲಿನಲ್ಲಿ ತೆರೆಯಿತು. ಚೆನ್ನಾಗಿಯೇ ಇತ್ತು. ಪುಣೆ, ಬೆಂಗಳೂರುಗಳಿಂದ ಗಿರಾಕಿಗಳು ಬಂದರು. ಶಿಷ್ಯನು ಉತ್ಸಾಹದಿಂದ ಚಪ್ಪಲಿಯ ಡಬ್ಬಿಗಳ ಮೇಲೆಲ್ಲ ಆ ವಿಳಾಸವನ್ನು ಅಚ್ಚು ಹಾಕಿಸಿದನು. ಕಿರಿಯವನಿಗೆ ಕೆಲವು ತಿಂಗಳ ಮೇಲೆ ಪುಣೆಯಲ್ಲಿ ನೌಕರಿಯಾಗಿ, ಮೊಬಾಯಿಲಿನ ನಂಬರೂ ಬದಲಾಯಿತು. ಮರುವರ್ಷದ ಏಪ್ರಿಲಿನಲ್ಲಿ ವಿಳಾಸದ ಅವಧಿ ಮುಗಿಯಿತೆಂಬುದು ಅಥಣಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಎಚ್ಚರಿಕೆಯ ಪತ್ರಗಳೆಲ್ಲ ಕಟ್ಟಿದವನ ಹಳೆಯ ಇ-ಮೇಲಿಗೆ ಹೋಗುತ್ತಿದ್ದವು. ಅಷ್ಟರಲ್ಲಿ 2025ರ ಜೂನ್ ತಿಂಗಳು. ಇಟಲಿಯ ಪ್ರಾಡಾ ಕಂಪನಿಯವರು ಮಿಲಾನಿನ ಪ್ರದರ್ಶನದಲ್ಲಿ ನಮ್ಮ ಚಪ್ಪಲಿಯಂಥದನ್ನೇ, ಊರಿನ ಹೆಸರು ಹೇಳದೆ, ತೋರಿಸಿದರೆಂದು ಗದ್ದಲವೆದ್ದು, ಅದರ ಮೂಲವು ಭಾರತದ ಕೈಕಸಬೆಂದು ಅವರು ಒಪ್ಪಿಕೊಂಡ ಸುದ್ದಿಯು ಪತ್ರಿಕೆಗಳಲ್ಲೆಲ್ಲ ಬಂದಿತು. ಲೋಕವೆಲ್ಲ ಈ ಚಪ್ಪಲಿಯನ್ನು ಹುಡುಕುತ್ತಿರುವಾಗ ನಮ್ಮ ಶಿಷ್ಯನ ಡಬ್ಬಿಯ ಮೇಲಿನ ವಿಳಾಸವನ್ನು ಒತ್ತಿದವರಿಗೆ ಬರಿಯ ಬಿಳಿಯ ಪುಟ ಕಾಣಿಸುತ್ತಿತ್ತು.

ಇಲ್ಲಿ ಒಂದು ಮಾತು ವಿವರಿಸಬೇಕು. ಡೊಮೇನು ಎಂದು ಕರೆಯಲ್ಪಡುವ ಈ ಜಾಲದ ವಿಳಾಸವು ಕ್ರಯಕ್ಕೆ ಬರುವ ವಸ್ತುವಲ್ಲ. ವರ್ಷಗಳ ಲೆಕ್ಕದಲ್ಲಿ ಬಾಡಿಗೆಗೆ ಬರುವಂಥದು. ‘ಡಾಟ್ ಕಾಮ್’ ಎಂದು ಮುಗಿಯುವ ವಿಳಾಸದ ಅವಧಿ ಮೀರಿದರೆ, ಮಾರಿದ ಕಂಪನಿಯ ನಿಯಮದಂತೆ ಕೆಲವು ದಿನಗಳ ಸವಲತ್ತು ಇರುವದು. ಆ ಬಳಿಕ ಹೆಚ್ಚಿನ ಹಣ ತೆತ್ತು ಬಿಡಿಸಿಕೊಳ್ಳಲು 30 ದಿನ. ಕೊನೆಗೆ 5 ದಿನ ಯಾರಿಗೂ ಸಿಕ್ಕದೆ ನಿಂತು, ಆಮೇಲೆ ಕೇಳಿದವರ ಪಾಲು. ಜೂನಿನಲ್ಲಿ ನಮ್ಮ ಶಿಷ್ಯನದು ಇನ್ನೂ ಬಿಡಿಸಿಕೊಳ್ಳುವಂತಿತ್ತು. ಆದರೆ ಬಿಡಿಸತಕ್ಕವನು ಯಾರು? ದಾಖಲೆಯಲ್ಲಿ ಹೆಸರಿದ್ದವನು. ದಾಖಲೆಯಲ್ಲಿದ್ದದ್ದು ಕಟ್ಟಿದವನ ಹೆಸರು. ಅವನನ್ನು ನಾವು ಹುಡುಕಿಸುವಷ್ಟರಲ್ಲಿ ಗಡುವು ಮೀರಿ ವಿಳಾಸವು ಅನ್ಯರ ಪಾಲಾಗಿ ಹೋಯಿತು. 2,000 ಡಬ್ಬಿಗಳು ರದ್ದಿಗೆ ಬಿದ್ದವು.

ನಾವು ಹುಡುಗನ ಮೇಲೆ ಸಿಟ್ಟಾಗಿಯೇ ಇದ್ದೆವು. ಶ್ರಾವಣದಲ್ಲಿ ಅವನು ಊರಿಗೆ ಬಂದಾಗ ಕರೆಯಿಸಿದೆವು. ಅವನು ತಲೆ ತಗ್ಗಿಸಿ, ‘ಸರ್, ತಪ್ಪು ನಂದೂ ಐತ್ರಿ. ಆದ್ರ ಉಳಿದ ಅರ್ಧಾ ರೊಕ್ಕ ಇನ್ನೂ ಬಂದಿಲ್ರಿ. ಬಣ್ಣಾ ಬದಲ ಮಾಡು, ಮರಾಠಿ ಹಾಕು, ಮತ್ತ ತಗಿ ಅಂತ ಎಂಟ್ ತಿಂಗಳ ಮಾಡ್ಸಿದ್ರು. ಬೆಲಿಪಟ್ಟಿ ಕೊಡ್ರಿ ಅಂದ್ರ ನಾಳೆ ನಾಳೆ. ವಿಳಾಸದ ರೊಕ್ಕಾನೂ ನನ್ನ ಕಿಸೆದಿಂದನ ತುಂಬಿದ್ದೆ’ ಎಂದನು. ಹಿರಿಯವನು ಗೋಡೆಯ ಕಡೆಗೆ ನೋಡತೊಡಗಿದನು. ಅದು ನಿಜವೆಂದು ನಮಗೆ ತಿಳಿಯಿತು. ಕಾಗದವೇಕೆ ಎಂದಿದ್ದ ನಮಗೂ ನೋಡಲು ಬೇರೆ ಗೋಡೆಯಿರಲಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರವನ್ನು ನಾವು ಮಕ್ಕಳಿಗೆ ಕಲಿಸಿದವರು. ಮೈಸೂರಿನ ಶಾಮಾಶಾಸ್ತ್ರಿಗಳು 1905ರಲ್ಲಿ ಓಲೆಗರಿಯಲ್ಲಿ ಕಂಡುಹಿಡಿದು 1909ರಲ್ಲಿ ಅಚ್ಚು ಹಾಕಿಸಿದ ಆ ಗ್ರಂಥದ ಧರ್ಮಸ್ಥೀಯವೆಂಬ ಮೂರನೆಯ ಅಧಿಕರಣದಲ್ಲಿ, ಕೂಲಿಯವನ ಹಾಗೂ ಒಡೆಯನ ನಡುವಿನ ಒಪ್ಪಂದವು ನೆರೆಯವರಿಗೆ ತಿಳಿದಿರಬೇಕೆಂದೂ, ಮೊದಲೇ ವೇತನ ಮಾತಾಡದಿದ್ದರೆ ಬೇಸಾಯದವನಿಗೆ ಬೆಳೆಯಲ್ಲಿ ಹತ್ತರಲ್ಲೊಂದು ಪಾಲೆಂದೂ ವಿಧಿಸಿದೆ. ಒಪ್ಪಿದ ಕೆಲಸವನ್ನು ಆಳು ಮಾಡದಿದ್ದರೂ 12 ಪಣ ದಂಡ, ಒಡೆಯನು ಮಾಡಿಸಿಕೊಳ್ಳದಿದ್ದರೂ 12 ಪಣ ದಂಡ. ಇದನ್ನು ಹಲವು ಸಲ ಪಾಠ ಹೇಳಿ, ನಮ್ಮದೇ ಪಡಸಾಲೆಯಲ್ಲಿ ಮರೆತೆವು.

ಈಗಿನ ಕಾಯಿದೆಯಾದರೂ ಈ ವಿಷಯದಲ್ಲಿ ಸಾಮಾನ್ಯ ಗೃಹಸ್ಥನ ಊಹೆಗೆ ವಿರುದ್ಧವಾಗಿದೆ. ಹಣ ಕೊಟ್ಟವನೇ ಒಡೆಯನೆಂದು ನಾವೆಲ್ಲ ತಿಳಿದಿರುವೆವು. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನಂತೆ, ಹಣ ಕೊಟ್ಟು ಫೋಟೋ ತೆಗೆಯಿಸಿದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಹಕ್ಕು ತೆಗೆಯಿಸಿದವನದು. ಸಂಬಳದ ನೌಕರನು ತನ್ನ ನೌಕರಿಯಲ್ಲಿ ಬರೆದದ್ದು ಧಣಿಯದು. ಆದರೆ ಗಣಕದ ಪ್ರೋಗ್ರಾಮನ್ನು ಕಾಯಿದೆಯು ಸಾಹಿತ್ಯ ಕೃತಿಗಳ ಸಾಲಿನಲ್ಲಿ ಕೂಡಿಸಿದೆ (ಕಾಳಿದಾಸನು ಇದಕ್ಕೆ ಏನೆನ್ನುತ್ತಿದ್ದನೋ ತಿಳಿಯದು). ಬಿಡಿಗೆಲಸದವನು ನೌಕರನಲ್ಲವಾದ್ದರಿಂದ ಅವನು ಬರೆದುದರ ಮೊದಲ ಹಕ್ಕುದಾರನು ಅವನೇ. ಅದನ್ನು ನಮಗೆ ವರ್ಗ ಮಾಡಬೇಕಾದರೆ 19ನೆಯ ಕಲಮಿನಂತೆ ಬರಹದಲ್ಲಿ, ಅವನ ಸಹಿಯೊಡನೆ ಆಗತಕ್ಕದ್ದು. ಆ ಬರಹದಲ್ಲಿ ಕಾಲಾವಧಿಯನ್ನು ಹೇಳದಿದ್ದರೆ 5 ವರ್ಷಕ್ಕೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ ಎಣಿಕೆ. ಕಾಗವಾಡದಿಂದ ಮಿರಜಿಗೆ ಹೋಗುವಷ್ಟು ಸುಲಭವಾಗಿ ಹೊರದೇಶಕ್ಕೆ ಮಾಲು ಕಳಿಸುವ ಈ ದಿನಗಳಲ್ಲಿ ಇದು ಸಣ್ಣ ಮಾತಲ್ಲ. ಆದುದರಿಂದ ‘ಕಾಯಮ್ಮಾಗಿ, ಎಲ್ಲ ದೇಶಗಳಿಗೂ’ ಎಂಬ ಪದಗಳನ್ನು ಬರೆಯಿಸಿಕೊಳ್ಳಬೇಕು. ಅವನು ಸ್ವತಃ ಬರೆದದ್ದನ್ನು ಮಾತ್ರ ಅವನು ಕೊಡಬಲ್ಲನೆಂಬುದೂ ನೆನಪಿರಲಿ. ಇಂಥ ಸಣ್ಣ ವೆಬ್‌ಸೈಟುಗಳಲ್ಲಿ ಬಹಳಷ್ಟು 2003ರಿಂದ ಬಳಕೆಯಲ್ಲಿರುವ ವರ್ಡ್‌ಪ್ರೆಸ್ಸಿನಂಥ ಉಚಿತ ತಳಹದಿಯ ಮೇಲೆ ನಿಂತಿರುವವು. ಅದು ಯಾರ ಸ್ವತ್ತೂ ಆಗದು.

ಕಾಯಿದೆಗಿಂತಲೂ ನಿತ್ಯದಲ್ಲಿ ಉಪಯೋಗಕ್ಕೆ ಬರುವದು ಬೇರೊಂದು. ಡೊಮೇನನ್ನು ನಮ್ಮ ಹೆಸರಿನಲ್ಲಿ, ನಮ್ಮ ಇ-ಮೇಲಿನಲ್ಲಿ, ನಮ್ಮ ಹಣದಿಂದ ನಾವೇ ಕೊಳ್ಳಬೇಕು. ಕಟ್ಟುವವನು ಪಕ್ಕದಲ್ಲಿ ಕುಳಿತು ತೋರಿಸಲಿ. ವೆಬ್‌ಸೈಟು ವಾಸಿಸುವ ಹೋಸ್ಟಿಂಗ್ ಖಾತೆಯೂ ಹಾಗೆಯೇ. ಗಿರಾಕಿಗಳ ಹಣವು ನೇರವಾಗಿ ನಮ್ಮ ಬ್ಯಾಂಕಿಗೆ ಬರಬೇಕು. ‘ಸದ್ಯ ನನ್ನ ಖಾತೆಗೆ ಬರಲಿ, ಆಮೇಲೆ ಬದಲಿಸೋಣ’ ಎಂಬ ಮಾತಿಗೆ ಎಷ್ಟೇ ಸಾಧುವಾದವನಿದ್ದರೂ ಒಪ್ಪಲಾಗದು. ಪಾಸ್‌ವರ್ಡುಗಳನ್ನು ಲೆಕ್ಕದ ವಹಿಯ ಜೊತೆಗೆ ಕಪಾಟಿನಲ್ಲಿಟ್ಟು, ಕೆಲಸ ಮುಗಿದ ದಿನ ಬದಲಿಸಬೇಕು.

ಆ್ಯಪಿನ ವಿಷಯದಲ್ಲಿ ನಮ್ಮ ಅಭಿಪ್ರಾಯವು ಅನೇಕರಿಗೆ ಹಿಡಿಸಲಿಕ್ಕಿಲ್ಲ. ವರ್ಷಕ್ಕೊಮ್ಮೆ ಬೆಲ್ಲ ಕೊಳ್ಳುವವನು ಅದಕ್ಕಾಗಿ ಒಂದು ಆ್ಯಪನ್ನು ಮೊಬಾಯಿಲಿನಲ್ಲಿ ಸಾಕುವನೇ? ಮೊಬಾಯಿಲಿನಲ್ಲಿ ಸರಾಗವಾಗಿ ತೆರೆಯುವ ವೆಬ್‌ಸೈಟು ಸಾಕು. ಬೇಕೇ ಬೇಕೆನ್ನುವವರು ಗೂಗಲ್ ಪ್ಲೇದ ಖಾತೆಯನ್ನು ತಮ್ಮ ಹೆಸರಿನಲ್ಲಿ ತೆರೆಯಲಿ; ಅದಕ್ಕೆ ಒಂದು ಸಲ 25 ಡಾಲರು. ಆ್ಯಪಲಿನವರಿಗೆ ವರ್ಷಕ್ಕೆ 99. ಗೂಗಲಿನವರು ಹೊಸ ವೈಯಕ್ತಿಕ ಖಾತೆಗಳಿಗೆ, 12 ಜನರು ಸತತ 14 ದಿನ ಆ್ಯಪನ್ನು ಪರೀಕ್ಷೆಗೆ ಇಟ್ಟುಕೊಂಡಿರಬೇಕೆಂಬ ನಿಯಮ ಮಾಡಿರುವರು. ನಮ್ಮ ಪರಿಚಯದ ಮನೆಯೊಂದರಲ್ಲಿ ಅತ್ತೆ, ಸೊಸೆ, ಹಾಲಿನವನು, ಚಿಂಚಲಿಯ ಮಾಯಕ್ಕನ ಜಾತ್ರೆಗೆಂದು ಬಂದ ಬೀಗರು ಎಲ್ಲರನ್ನೂ ಸೇರಿಸಿ ಹನ್ನೆರಡರ ಲೆಕ್ಕ ತುಂಬಿಸಿದರು. ಬೀಗರು ಹೊರಡುವಾಗ ಅದನ್ನು ಅಳಿಸಿಬಿಟ್ಟು, ಲೆಕ್ಕವು ಮೊದಲಿನಿಂದ ಶುರುವಾಯಿತು.

ಕನ್ನಡದ ಉಪಾಧ್ಯಾಯರಾಗಿದ್ದವರ ಒಂದು ಹಟವನ್ನೂ ಇಲ್ಲಿ ಸೇರಿಸುವೆವು. ವೆಬ್‌ಸೈಟಿನಲ್ಲಿ ಕನ್ನಡವನ್ನು ಚಿತ್ರವಾಗಿ ಅಂಟಿಸಬಾರದು, ಯುನಿಕೋಡಿನಲ್ಲಿಯೇ ಬರೆಯಿಸಬೇಕು. ಚಿತ್ರದೊಳಗಿನ ಅಕ್ಷರವನ್ನು ಹುಡುಕುಯಂತ್ರವು ಸರಿಯಾಗಿ ಓದಿಕೊಂಡೀತೆಂಬ ಭರವಸೆಯಿಲ್ಲ. ಪರೀಕ್ಷೆ ಸುಲಭ: ಒಂದು ಸಾಲನ್ನು ಬೆರಳಿನಿಂದ ಹಿಡಿದು ನಕಲು ಮಾಡಿ ಬೇರೆಡೆಗೆ ಹಾಕಿ ನೋಡಿರಿ, ಅಕ್ಷರಗಳು ಅಕ್ಷರಗಳಾಗಿಯೇ ಬಂದರೆ ಸರಿ. ನಮ್ಮ ಗಡಿನಾಡಿನಲ್ಲಿ ಮರಾಠಿಯೂ ಬೇಕಾಗುವದು. ಅದಕ್ಕೂ ಇದೇ ಪರೀಕ್ಷೆ.

ತೆರಿಗೆಯ ಬಗೆಗೂ ಒಂದೆರಡು ಮಾತು. ವರ್ಷಕ್ಕೆ 20 ಲಕ್ಷದೊಳಗೆ ದುಡಿಯುವ ಬಿಡಿಗೆಲಸದವನಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಕಡ್ಡಾಯವಿಲ್ಲ. ಅವನು ಮಹಾರಾಷ್ಟ್ರದಲ್ಲಿ ಕುಳಿತು ಕರ್ನಾಟಕದ ಕೆಲಸ ಮಾಡಿದರೂ 2017ರ ಅಕ್ಟೋಬರಿನಿಂದ ಈ ರಿಯಾಯತಿಯಿದೆ. ಆದುದರಿಂದ ಬಿಲ್ಲಿನಲ್ಲಿ ನೂರಕ್ಕೆ 18 ಸೇರಿಸಿ ಕೇಳಿದರೆ ಮೊದಲು ನೋಂದಣಿಯ ನಂಬರನ್ನು ಕೇಳಿರಿ.

ಆ ಶ್ರಾವಣದ ಸಂಜೆ ಇಬ್ಬರು ಶಿಷ್ಯರೂ ಚಿಕ್ಕೋಡಿಯ ನಮ್ಮ ಪಡಸಾಲೆಯಲ್ಲಿಯೇ ಊಟ ಮಾಡಿದರು. ಹಿರಿಯವನು ಉಳಿದ 15,000 ರೂಪಾಯಿಯನ್ನು ಅಲ್ಲಿಯೇ ಮೊಬಾಯಿಲಿನಿಂದ ಕಳಿಸಿದನು. ಹೊಸ ವಿಳಾಸವನ್ನು ತನ್ನ ಹೆಸರಿನಲ್ಲಿ 5 ವರ್ಷಕ್ಕೆ ಕೊಂಡನು. ಕಿರಿಯವನು ಮತ್ತೆ ಕಟ್ಟಿಕೊಡಲು ಒಪ್ಪಿದನು. ಈ ಸಲ ಕಾಗದವನ್ನು ನಾವೇ ಬರೆದೆವು: ಯಾವ ಯಾವ ಪುಟಗಳು, ಮೂರು ಕಂತುಗಳಲ್ಲಿ ಯಾವಾಗ ಯಾವಾಗ ಹಣ, ಎರಡು ಸಲದ ಬದಲಾವಣೆ ಬಿಟ್ಟಿ, ಮೂರನೆಯದಕ್ಕೆ ಬೇರೆ ದರ, ಕೊನೆಯ ಕಂತಿನ ದಿನ ಸೋರ್ಸ್ ಕೋಡ್ ಹಾಗೂ ಹಕ್ಕಿನ ವರ್ಗಾವಣೆ. ಓದಿ ತೋರಿಸಿದಾಗ ಕಿರಿಯವನು ಪೆನ್ನನ್ನು ತೆಗೆದುಕೊಂಡು ಕೆಳಗೊಂದು ಸಾಲನ್ನು ತಾನೇ ಸೇರಿಸಿದನು: ಫೋಟೋಗಳೂ ಬೆಲೆಪಟ್ಟಿಯೂ ಕೈಗೆ ಬರುವವರೆಗಿನ ದಿನಗಳು ಗಡುವಿನ ಎಣಿಕೆಗೆ ಬರತಕ್ಕದ್ದಲ್ಲ. ಹಿರಿಯವನು ನಕ್ಕು ಸಹಿ ಮಾಡಿದನು, ಸಾಕ್ಷಿಗೆ ನಾವು ಮಾಡಿದೆವು. ಅದರ ನಕಲೊಂದನ್ನು ಹೆಸರುಗಳನ್ನು ಅಳಿಸಿ ರಾಯಬಾಗದ ಗೃಹಸ್ಥರಿಗೆ ಟಪಾಲಿನಲ್ಲಿ ಕಳಿಸಿರುವೆವು.