ಕಡಲ ಹಕ್ಕಿಯ ಕಪ್ಪು ಗರಿ

ಯಾವುದನ್ನು ಕಂಡರೂ 'ಇದು ಏತಕ್ಕೆ?' ಎಂದು ಕೇಳುವುದು ಮನುಷ್ಯನ ಸ್ವಭಾವ. ಈ ಕುತೂಹಲವಿಲ್ಲದಿದ್ದರೆ ವಿಜ್ಞಾನವೇ ಹುಟ್ಟುತ್ತಿರಲಿಲ್ಲ. ಆದರೆ ಕೇಳಿದೊಡನೆಯೇ ಉತ್ತರ ಕೈಗೆ ಸಿಗಬೇಕೆಂಬ ಆತುರವೂ ಅದರ ಬೆನ್ನಿಗೇ ಬರುತ್ತದೆ. ಕಾಗೆ ಕುಳಿತದ್ದರಿಂದಲೇ ತಾಳೆಯ ಹಣ್ಣು ಬಿದ್ದಿತೆನ್ನುವ ಕಾಕತಾಳೀಯ ನ್ಯಾಯವು ಪ್ರಾಣಿಗಳ ಬಣ್ಣದ ವಿಚಾರದಲ್ಲಿ ಬಳಕೆಯಾದಷ್ಟು ಬೇರೆಲ್ಲಿಯೂ ಆಗಿರಲಾರದು. ಹುಲಿಗೆ ಪಟ್ಟೆಯಿರುವುದು ಹುಲ್ಲಿನಲ್ಲಿ ಅಡಗಲು, ಗಿಳಿ ಹಸುರಾಗಿರುವುದು ಎಲೆಯಲ್ಲಿ ಮರೆಯಾಗಲು ಎಂದು ತರಗತಿಯಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಪ್ರಯೋಜನವನ್ನು ಹಂಚಿ, ಪಾಠ ಮುಗಿಯಿತೆಂದು ಪುಸ್ತಕ ಮುಚ್ಚುತ್ತೇವೆ.

ಎಷ್ಟೋ ಸಲ ಆ ಮಾತು ನಿಜವೂ ಹೌದು. ಮೈಯೆಲ್ಲ ಬೆಳ್ಳಗಿದ್ದರೂ ಅನೇಕ ಕಡಲಕಾಗೆಗಳ ರೆಕ್ಕೆಯ ತುದಿ ಮಾತ್ರ ಕಪ್ಪು. ಗರಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ಎಂಬ ವರ್ಣಕ ಅದನ್ನು ಗಟ್ಟಿಯಾಗಿಯೂ ಮಾಡುತ್ತದೆ. ಗಾಳಿಯ ಹೊಡೆತಕ್ಕೂ ಮರಳಿನ ಉಜ್ಜಾಟಕ್ಕೂ ಹೆಚ್ಚಾಗಿ ಸಿಕ್ಕಿ ಸವೆಯುವ ಭಾಗ ರೆಕ್ಕೆಯ ತುದಿಯೇ ಆದ್ದರಿಂದ ಅಲ್ಲಿ ಕಪ್ಪು ಇರುವುದು ಯುಕ್ತವಾಗಿದೆ.

ತೊಡಕು ಹುಟ್ಟುವುದು ಒಂದೇ ಜಾತಿಯ ಹಕ್ಕಿ ಎರಡು ಬಣ್ಣಗಳಲ್ಲಿ ಕಾಣಿಸಿಕೊಂಡಾಗ. ನಮ್ಮ ಕರಾವಳಿಯ ಅಳಿವೆಗಳಲ್ಲಿ ಬೆಳ್ಳಕ್ಕಿಯ ಬಳಗಕ್ಕೆ ಸೇರಿದ ಹಕ್ಕಿಯೊಂದಿದೆ. ಅದರಲ್ಲಿ ಕೆಲವು ಅಚ್ಚ ಬಿಳುಪು. ಕೆಲವು ಮಳೆಮೋಡದಂತೆ ಕಡು ಬೂದು. ಬೆಳ್ಳಕ್ಕಿಯ ನಂಟನೇ ಕಪ್ಪಾದರೆ ಹೆಸರಿಗೇನು ಗತಿ! ಆದರೂ ಇವೆರಡೂ ಒಂದೇ ಜಾತಿ, ಒಂದೇ ಸಂಸಾರ. ಬಿಳುಪು ಹಿತವೆನ್ನುವುದಾದರೆ ಬೂದು ಏಕೆ ಉಳಿಯಿತು? ಬೂದು ಹಿತವೆನ್ನುವುದಾದರೆ ಬಿಳುಪು ಏಕೆ ಅಳಿಯಲಿಲ್ಲ?

ಈ ಪ್ರಶ್ನೆ ಹೊಸದೇನಲ್ಲ. ಉತ್ತರ ಅಟ್ಲಾಂಟಿಕ್ ಸಾಗರದ ಗಿಲ್ಲಿಮಾಟ್ ಎಂಬ ಹಕ್ಕಿಗಳಲ್ಲಿ ಕೆಲವಕ್ಕೆ ಕಣ್ಣಿನ ಸುತ್ತ ಬಿಳಿಯ ಉಂಗುರವೂ ಅಲ್ಲಿಂದ ಹಿಂದಕ್ಕೆ ಎಳೆದ ಬಿಳಿಯ ಗೆರೆಯೂ ಇರುತ್ತವೆ. ನೋಡಿದರೆ ಕನ್ನಡಕ ಹಾಕಿಕೊಂಡಂತಿರುತ್ತದೆ. ಫ್ಯಾರೋ ದ್ವೀಪಗಳಲ್ಲಿ ಐದರಲ್ಲೊಂದು ಹಕ್ಕಿ ಹೀಗಿತ್ತೆಂದೂ, ಹಿಂದೆ ಇದನ್ನು ಬೇರೆ ಜಾತಿಯೆಂದೇ ಎಣಿಸಿದ್ದರೆಂದೂ ಚಾರ್ಲ್ಸ್ ಡಾರ್ವಿನ್ 1871ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ.

ಇಂತಹ ಹಕ್ಕಿಗಳಲ್ಲಿ ವಿದ್ವಾಂಸರನ್ನು ಬಹಳವಾಗಿ ದುಡಿಸಿದ್ದು ಉತ್ತರ ಧ್ರುವದ ಸುತ್ತಿನ ನಾಡುಗಳಲ್ಲಿ ಮರಿಮಾಡುವ ಆರ್ಕ್ಟಿಕ್ ಸ್ಕೂವಾ. ಅದೊಂದು ದರೋಡೆಕೋರ ಹಕ್ಕಿ. ಬೇರೆ ಹಕ್ಕಿಗಳು ಮೀನು ಹಿಡಿದು ಬರುವಾಗ ಬೆನ್ನಟ್ಟಿ, ಅವು ಬಾಯಲ್ಲಿದ್ದುದನ್ನು ಬಿಟ್ಟುಕೊಡುವವರೆಗೂ ಕಾಡುತ್ತದೆ. ಇದರಲ್ಲಿ ಎದೆ ಹೊಟ್ಟೆಗಳು ಬೆಳ್ಳಗಿರುವ ತಿಳಿಬಣ್ಣದವುಂಟು, ಮೈಯೆಲ್ಲ ಕಂದುಗಪ್ಪಾದವುಂಟು, ನಡುವಿನ ಬಣ್ಣದವೂ ಉಂಟು. ದೂರದ ಉತ್ತರದಲ್ಲಿರುವ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ತಿಳಿಬಣ್ಣದವೇ; ದಕ್ಷಿಣಕ್ಕೆ, ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಿಗೆ ಇಳಿದರೆ ಕಪ್ಪಿನದೇ ಮೇಲುಗೈ.

ಈ ಬಣ್ಣಗಳು ಹೇಗೆ ಉಂಟಾಗುತ್ತವೆ ಎಂಬುದಕ್ಕೆ 2004ರಲ್ಲಿ ಖಚಿತವಾದ ಉತ್ತರ ದೊರೆಯಿತು. ಗರಿಗೆ ಬಣ್ಣ ತಯಾರಿಸುವ ಜೀವಕೋಶದ ಮೇಲ್ಮೈಯಲ್ಲಿ ಒಂದು ಗ್ರಾಹಕ ಪ್ರೋಟೀನ್ ಇರುತ್ತದೆ. ದೇಹದಿಂದ ಬರುವ ರಾಸಾಯನಿಕ ಸಂದೇಶವನ್ನು ಹಿಡಿದು, ಕಪ್ಪು ಮೆಲನಿನ್ನನ್ನು ತಯಾರಿಸುವಂತೆ ಕೋಶಕ್ಕೆ ತಿಳಿಸುವುದು ಅದರ ಕೆಲಸ. ಆ ಪ್ರೋಟೀನನ್ನು ರೂಪಿಸುವ ವಂಶವಾಹಿಯ ಹೆಸರು ಎಂಸಿ1ಆರ್. ಕಪ್ಪು ಸ್ಕೂವಾಗಳಲ್ಲಿ ಈ ಪ್ರೋಟೀನಿನ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದೆ. ಪ್ರತಿಯೊಂದು ಹಕ್ಕಿಗೂ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ವಂಶವಾಹಿಯ ಎರಡು ಪ್ರತಿಗಳು ಬರುತ್ತವೆಯಷ್ಟೆ. ಬದಲಾದ ಪ್ರತಿಗಳು ಹೆಚ್ಚಿದಂತೆ ಮೈಯ ಕಪ್ಪೂ ಹೆಚ್ಚುತ್ತದೆ. ತಿಳಿಬಣ್ಣವೇ ಮೂಲದ್ದು, ಕಪ್ಪು ಹಿಮಯುಗಗಳ ಕಾಲದಲ್ಲಿ ತಲೆದೋರಿದ ಮಾರ್ಪಾಡು. ಸ್ಕೂವಾಕ್ಕೆ ಹತ್ತಿರದ ಸಂಬಂಧವೇ ಇಲ್ಲದ ಉತ್ತರ ಅಮೆರಿಕದ ಹಿಮಬಾತಿನಲ್ಲಿಯೂ ಬಿಳುಪು-ಕಪ್ಪುಗಳ ವ್ಯತ್ಯಾಸಕ್ಕೆ ಇದೇ ವಂಶವಾಹಿ ಕಾರಣ. ಅಷ್ಟೇಕೆ, ಕೆಲವು ಮನುಷ್ಯರ ಕೂದಲು ಕೆಂಪಾಗುವುದರಲ್ಲಿಯೂ ಇದರ ಕೈವಾಡವುಂಟು.

ಇಷ್ಟಕ್ಕೆ ಸಮಸ್ಯೆ ಬಗೆಹರಿಯಿತೆಂದು ಕೆಲವರು ಭಾವಿಸುತ್ತಾರೆ. ನನಗೆ ಹಾಗೆ ತೋರುವುದಿಲ್ಲ. 'ಹೇಗೆ' ಎಂಬ ಪ್ರಶ್ನೆಗೆ ಉತ್ತರ ಬಂದ ಮಾತ್ರಕ್ಕೆ 'ಏಕೆ' ಎಂಬುದಕ್ಕೂ ಬಂದಂತಲ್ಲ. ದೀಪ ಹತ್ತಿಸುವ ಗುಂಡಿ ಎಲ್ಲಿದೆಯೆಂದು ಕಂಡುಹಿಡಿದವನು ಆ ಮನೆಯವರು ಅಷ್ಟು ಹೊತ್ತಿನಲ್ಲಿ ದೀಪ ಹತ್ತಿಸಿದ್ದೇಕೆಂದು ಹೇಳಬಲ್ಲನೆ?

ದರೋಡೆಗೆ ಹೊರಟವನಿಗೆ ಕಪ್ಪು ವೇಷ ಅನುಕೂಲ. ಎದುರಾಳಿಗೆ ಅವನು ಬೇಗ ಕಾಣುವುದಿಲ್ಲ ಎಂಬುದು ಒಂದು ವಿವರಣೆ. ಕೇಳಲು ಸೊಗಸಾಗಿದೆ. ಆದರೆ ಅಷ್ಟರಿಂದಲೇ ತಿಳಿಬಣ್ಣದ ಕಳ್ಳರು ಇಂದಿಗೂ ಏಕೆ ಉಳಿದಿದ್ದಾರೆಂಬುದು ತಿಳಿಯುವುದಿಲ್ಲ. ಇಂಗ್ಲೆಂಡಿನ ತಳಿವಿಜ್ಞಾನಿ ಪೀಟರ್ ಓಡೋನಾಲ್ಡ್ ಬೇರೊಂದು ದಾರಿ ಹಿಡಿದರು. ಶೆಟ್ಲೆಂಡ್ ಮತ್ತು ಆರ್ಕ್ನಿ ದ್ವೀಪಗಳ ನಡುವೆ ಫೇರ್ ಐಲ್ ಎಂಬ ಪುಟ್ಟ ದ್ವೀಪವಿದೆ. 1948ರಲ್ಲಿ ಅಲ್ಲಿ ಪಕ್ಷಿವೀಕ್ಷಣಾಲಯ ಸ್ಥಾಪನೆಯಾಯಿತು. ಅಲ್ಲಿ ವರ್ಷ ವರ್ಷವೂ ಕೂಡಿಸಿದ ಲೆಕ್ಕಗಳನ್ನು ಪರಿಶೀಲಿಸಿ, ಕಪ್ಪು ಗಂಡುಗಳಿಗೆ ಋತುವಿನಲ್ಲಿ ಬೇಗನೆ ಜೋಡಿ ದೊರೆಯುತ್ತದೆ, ಬೇಗ ಹುಟ್ಟಿದ ಮರಿಗಳು ಹೆಚ್ಚಾಗಿ ಬದುಕುತ್ತವೆ ಎಂದು ಅವರು ವಾದಿಸಿದರು. ಹೆಣ್ಣಿನ ಒಲವೇ ಬಣ್ಣವನ್ನು ಬೆಳೆಸುತ್ತದೆಂಬ ಡಾರ್ವಿನ್ನನ ಮಾತಿಗೆ ಇದು ಉದಾಹರಣೆಯಾಯಿತು. ತಿಳಿಬಣ್ಣದವು ಇನ್ನೂ ಎಳೆಯ ವಯಸ್ಸಿನಲ್ಲಿಯೇ ಮರಿಮಾಡಲು ತೊಡಗುತ್ತವೆ. ಆದ್ದರಿಂದ ಅವಕ್ಕೂ ಒಂದು ಲಾಭವುಂಟು ಎಂಬುದು ಆ ಲೆಕ್ಕದ ಇನ್ನೊಂದು ಮುಖ. ಈ ಅಧ್ಯಯನವನ್ನೆಲ್ಲ ಅವರು 1983ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಅವರ ತೀರ್ಮಾನವನ್ನು ಎಲ್ಲರೂ ಒಪ್ಪಿಲ್ಲ. ಆದರೂ ನನಗೆ ಇದು ಮೊದಲ ವಿವರಣೆಗಿಂತ ಮೇಲೆನಿಸುತ್ತದೆ. ಮೊದಲನೆಯದು ಕಪ್ಪೊಂದನ್ನೇ ನೋಡಿ ಹುಟ್ಟಿದ ಊಹೆ. ಇದಾದರೋ ಎರಡೂ ಬಣ್ಣಗಳನ್ನು ಎದುರಿಗಿಟ್ಟುಕೊಂಡು, ಗೂಡುಗಳನ್ನೂ ಮರಿಗಳನ್ನೂ ಎಣಿಸಿ, ತಪ್ಪಿದ್ದರೆ ತೋರಿಸಿರೆಂದು ಲೆಕ್ಕವನ್ನು ಎಲ್ಲರ ಮುಂದಿಟ್ಟದ್ದು.

ಆ ಲೆಕ್ಕವನ್ನು ಮತ್ತೆ ಪರೀಕ್ಷಿಸುವ ಅವಕಾಶವೇ ಈಗ ಕೈಜಾರುತ್ತಿದೆ. ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಈ ಸ್ಕೂವಾಗಳ ಸಂಖ್ಯೆ ಕೆಲವು ದಶಕಗಳಲ್ಲಿ ತೀವ್ರವಾಗಿ ಕುಸಿದಿದೆ. ಮರಳಿನಲ್ಲಿ ಹುದುಗಿರುವ ಸಣ್ಣ ಮೀನುಗಳು ಕಡಿಮೆಯಾದುವು. ಅವನ್ನು ಹಿಡಿಯುವ ಹಕ್ಕಿಗಳಿಗೇ ಹೊಟ್ಟೆಗಿಲ್ಲವಾದಾಗ ಅವುಗಳಿಂದ ಕಸಿದು ತಿನ್ನುವವನಿಗೆ ಎಲ್ಲಿಂದ ಬರಬೇಕು? ಸಾಲದುದಕ್ಕೆ ದೊಡ್ಡ ಸ್ಕೂವಾಗಳು ಇವುಗಳ ಮರಿಗಳನ್ನು ಹಿಡಿಯುತ್ತವೆ. ಬ್ರಿಟನ್ನಿನಲ್ಲಿ 2009ರಲ್ಲಿ ಈ ಹಕ್ಕಿಯನ್ನು ಅಪಾಯದ ಕೆಂಪು ಪಟ್ಟಿಗೆ ಸೇರಿಸಲಾಯಿತು.

ವಂಶವಾಹಿಯೇನೋ ಸಂಗ್ರಹಾಲಯದಲ್ಲಿ ಒಣಗಿಸಿಟ್ಟ ಚರ್ಮದಿಂದಲೂ ದೊರೆಯಬಹುದು. ಆದರೆ ಕಪ್ಪು ಗಂಡಿಗೆ ನಿಜವಾಗಿಯೂ ಮೊದಲು ಜೋಡಿ ಸಿಗುತ್ತದೆಯೇ, ಅದರ ಮರಿಗಳು ಹೆಚ್ಚು ಬದುಕುತ್ತವೆಯೇ ಎಂದು ತಿಳಿಯಬೇಕಾದರೆ ಬಹಳ ಜೋಡಿಗಳನ್ನು ಬಹಳ ವರ್ಷ, ಗೂಡು ಗೂಡಿನ ಬಳಿ ಕಾದು ನೋಡಬೇಕು. ಬೆರಳೆಣಿಕೆಯ ಜೋಡಿಗಳು ಉಳಿದಿರುವ ದ್ವೀಪದಲ್ಲಿ ಆ ಎಣಿಕೆ ಸಾಧ್ಯವಿಲ್ಲ.